ಕ್ಯಾಂಪಸ್ ಪಕ್ಕದ ಚೈನೀಸ್ ನೂಡಲ್ಸ್ ಅಂಗಡಿ: ಬಾಗಿಲಿನಿಂದ ಪಾರ್ಸೆಲ್‌ವರೆಗೆ ಒಂದು ಸಮಗ್ರ ಮಾರ್ಗದರ್ಶಿ

ನೂಡಲ್ಸ್ ಬಟ್ಟಲಿನ ಆಯಸ್ಸು ತುಂಬಾ ಕಡಿಮೆ. ಮೇಜಿಗೆ ಬಂದ ಮೇಲೆ ಹೆಚ್ಚೆಂದರೆ ಹತ್ತು ನಿಮಿಷ. ಅಷ್ಟರೊಳಗೆ ತಿಂದರೆ ಎಳೆ ಹಲ್ಲಿಗೆ ಸಿಕ್ಕಿ ಪುಟಿಯುತ್ತದೆ, ಸೂಪು ಸೂಪಾಗಿಯೇ ಇರುತ್ತದೆ. ಆ ಹೊತ್ತು ದಾಟಿದರೆ ಎಳೆಗಳು ಸೂಪನ್ನೆಲ್ಲ ಹೀರಿಕೊಂಡು ಊದುತ್ತವೆ, ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಒಳಗೆ ಬೆವರು ಸುರಿಸಿ ಮಾಡಿದವರ ಶ್ರಮ ಅಲ್ಲಿಗೆ ಮುಗಿಯಿತು.

ಓದುವ ದಿನಗಳಲ್ಲಿ ನಾನು ಇಂಥ ಒಂದು ಅಂಗಡಿಗೆ ವಾರಕ್ಕೆ ಎರಡು ಮೂರು ಸಲ ಹೋಗುತ್ತಿದ್ದೆ. ಆರು ಮೇಜು, ಗೋಡೆಗೆ ಅಂಟಿಸಿದ ಮೆನು, ಹಬೆಯಿಂದ ಮಸುಕಾದ ಗಾಜು. ಎಷ್ಟೋ ತಿಂಗಳು ಒಂದೇ ಐಟಂ ಹೇಳುತ್ತಿದ್ದೆ, ಏಕೆಂದರೆ ಬೇರೆಯದರ ಹೆಸರು ಓದಲು ಬರುತ್ತಿರಲಿಲ್ಲ. ಪಕ್ಕದ ಮೇಜಿನವರು ಏನು ತರಿಸುತ್ತಾರೆ, ಹೇಗೆ ತಿನ್ನುತ್ತಾರೆ ಎಂದು ನೋಡಿ ನೋಡಿಯೇ ಕಲಿತೆ. ಆಗ ಯಾರಾದರೂ ಕೂರಿಸಿಕೊಂಡು ಹೇಳಿದ್ದರೆ ಚೆನ್ನಾಗಿರುತ್ತಿತ್ತು ಅನ್ನಿಸುವ ಮಾತುಗಳನ್ನೇ ಇಲ್ಲಿ ಬರೆದಿದ್ದೇನೆ. ಎಲ್ಲಕ್ಕೂ ಅಡಿಪಾಯ ಒಂದೇ: ಬಟ್ಟಲು ಬರುವ ಮೊದಲು ಎಲ್ಲ ತೀರ್ಮಾನ ಮುಗಿಸಿಕೊಳ್ಳಿ. ಬಂದ ಮೇಲೆ ತಿನ್ನುವುದಷ್ಟೇ ಕೆಲಸ.

ಹೆಜ್ಜೆ 1: ಹೊತ್ತು ನೋಡಿ ಹೊರಡಿ

ಕಾಲೇಜಿನ ಪಕ್ಕದ ಅಂಗಡಿಗೆ ಗಡಿಯಾರಕ್ಕಿಂತ ತರಗತಿಯ ಬೆಲ್ಲೇ ಮುಖ್ಯ. ಊಟದ ಬಿಡುವು ಶುರುವಾದ ಐದೇ ನಿಮಿಷದಲ್ಲಿ ಸಾಲು ಬಾಗಿಲು ದಾಟಿರುತ್ತದೆ. ಬಿಡುವಿಗೆ ಇಪ್ಪತ್ತು ನಿಮಿಷ ಮೊದಲು ಹೋಗಿ, ಇಲ್ಲವೇ ಜನ ಕರಗಿದ ಮೇಲೆ ಹೋಗಿ. ರಶ್ಶಿನಲ್ಲಿ ಹೋದರೆ ಕಾಯಬೇಕು ಅನ್ನುವುದಷ್ಟೇ ಅಲ್ಲ. ಒಂದೇ ಪಾತ್ರೆಯಲ್ಲಿ ಜಾಸ್ತಿ ನೂಡಲ್ಸ್ ಬಿದ್ದಾಗ ನೀರಿನ ಕುದಿ ಇಳಿಯುತ್ತದೆ, ಎಳೆ ಸರಿಯಾಗಿ ಬೇಯುವುದಿಲ್ಲ.

ಇಬ್ಬರು ಮೂವರಾಗಿ ಹೋಗುವುದು ಎಲ್ಲಕ್ಕಿಂತ ಒಳ್ಳೆಯದು. ಬೇರೆ ಬೇರೆ ಬಟ್ಟಲು ತರಿಸಿ ರುಚಿ ನೋಡಬಹುದು. ಎಂಟು ಜನ ಒಟ್ಟಿಗೆ ಹೋದರೆ ಬಟ್ಟಲುಗಳು ಒಂದೊಂದಾಗಿ ಬರುತ್ತವೆ, ಮೊದಲು ಬಂದವರು ಮರ್ಯಾದೆಗೆ ಕಾಯುತ್ತಾ ಕೂರುತ್ತಾರೆ. ದಯವಿಟ್ಟು ಕಾಯಬೇಡಿ. ಯಾರದು ಬಂತೋ ಅವರು ಶುರು ಮಾಡಲಿ ಎಂದು ಕೂರುವಾಗಲೇ ಮಾತಾಡಿಕೊಳ್ಳಿ.

ಹೆಜ್ಜೆ 2: ಕೂರುವ ಮೊದಲು ಅಡುಗೆಮನೆ ಕಡೆ ನೋಡಿ

ಅಂಗಡಿಯಲ್ಲೇ ಹಿಟ್ಟು ಕಲಸಿ ನೂಡಲ್ಸ್ ಮಾಡುತ್ತಾರಾ, ಪ್ಯಾಕೆಟ್ ಬಿಚ್ಚಿ ಹಾಕುತ್ತಾರಾ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಕೈಯಲ್ಲಿ ಎಳೆಯುವ ಅಂಗಡಿಯಾದರೆ ಆ ಕೆಲಸ ಸಾಮಾನ್ಯವಾಗಿ ಎಲ್ಲರಿಗೂ ಕಾಣುವ ಜಾಗದಲ್ಲೇ ನಡೆಯುತ್ತದೆ. ಸಾಧ್ಯವಾದರೆ ಅದು ಕಾಣುವ ಕಡೆ ಕೂತುಕೊಳ್ಳಿ.

ನಾನು ಹೋಗುತ್ತಿದ್ದ ಅಂಗಡಿಯ ಮಾಸ್ಟರ್ ಮೊಣಕೈ ಉದ್ದದ ಹಿಟ್ಟಿನ ಸುರುಳಿ ಎತ್ತಿಕೊಳ್ಳುತ್ತಿದ್ದರು. ಎರಡು ತುದಿ ಹಿಡಿದು ಹಲಗೆಯ ಮೇಲೆ ಧಪ್ ಎಂದು ಬಡಿಯುತ್ತಿದ್ದರು. ತೋಳು ಅಗಲಿಸಿ ಎಳೆಯುವುದು, ಮಡಚುವುದು, ಒಣಹಿಟ್ಟಿನಲ್ಲಿ ಹೊರಳಿಸುವುದು, ಮತ್ತೆ ಎಳೆಯುವುದು. ಪ್ರತಿ ಮಡಿಕೆಗೂ ಎಳೆಗಳು ಎರಡು ಪಟ್ಟಾಗುತ್ತವೆ. ಏಳನೇ ಸಲಕ್ಕೆ 128, ಎಂಟನೆಯದಕ್ಕೆ 256. ಅರ್ಧ ನಿಮಿಷದ ಹಿಂದೆ ಒಂದೇ ತುಂಡಾಗಿದ್ದ ಹಿಟ್ಟು ಅವರ ಬೆರಳುಗಳ ನಡುವೆ ನೂಲಿನ ಲಡಿಯ ಹಾಗೆ ತೂಗಾಡುತ್ತಿತ್ತು. ಕೊನೆಗೆ ಕೈಯಲ್ಲಿ ಉಳಿದ ಹಿಟ್ಟಿನ ತುದಿ ಚಿವುಟಿ ಪಕ್ಕಕ್ಕೆ ಹಾಕಿ, ಉಳಿದದ್ದನ್ನು ಕುದಿಯುವ ನೀರಿಗೆ ಬಿಡುತ್ತಿದ್ದರು.

ಇದು ಬರೀ ತೋಳಿನ ಬಲವಲ್ಲ. ಗೋಧಿಹಿಟ್ಟಿಗೆ ಜಿಗುಟು ಕೊಡುವ ಗ್ಲುಟೆನ್ ಎಂಬ ಪ್ರೋಟೀನು, ಉಪ್ಪು ಮತ್ತು ಒಂದಿಷ್ಟು ಕ್ಷಾರ ಸೇರಿದರೆ ಮಾತ್ರ ಹಿಟ್ಟು ಹರಿಯದೆ ಹಿಗ್ಗುತ್ತದೆ. ಚೀನಾದ ಲಾನ್‌ಜೋ ಕಡೆ ಹಿಂದೆ ಒಂದು ಜಾತಿಯ ಒಣಭೂಮಿ ಗಿಡವನ್ನು ಸುಟ್ಟು, ಅದರ ಬೂದಿಯಿಂದ ಈ ಕ್ಷಾರ ತೆಗೆಯುತ್ತಿದ್ದರು. ಈಗ ಅದಕ್ಕೆಂದೇ ತಯಾರಾದ ಪುಡಿ ಬರುತ್ತದೆ. ಎಳೆಗಿರುವ ತಿಳಿ ಹಳದಿ ಬಣ್ಣ ಆ ಕ್ಷಾರದಿಂದಲೇ ಬರುತ್ತದೆ, ಮೊಟ್ಟೆಯಿಂದಲ್ಲ. ಮೊಟ್ಟೆ ತಿನ್ನದವರು ಇದನ್ನು ನೆನಪಿಡಿ, ಮುಂದೆ ಉಪಯೋಗಕ್ಕೆ ಬರುತ್ತದೆ.

ಹೆಜ್ಜೆ 3: ಮೆನು ಮುಂದೆ ಮೂರು ಪ್ರಶ್ನೆ

ಮೆನುವಿನಲ್ಲಿ ಐವತ್ತು ಹೆಸರು ಇರಬಹುದು. ಗಾಬರಿ ಬೇಡ. ಯಾವ ಎಳೆ? ಸೂಪಿನಲ್ಲೋ, ಒಣದಾಗಿ ಕಲಸಿದ್ದೋ, ಹುರಿದದ್ದೋ? ಮೇಲೆ ಏನು? ಹೆಚ್ಚುಕಡಿಮೆ ಎಲ್ಲ ಐಟಂಗಳೂ ಈ ಮೂರು ಉತ್ತರಗಳ ಜೋಡಣೆಯೇ.

ಮೊದಲು ಎಳೆ. ಚೀನಾದ ಉತ್ತರಕ್ಕೆ ಗೋಧಿ, ದಕ್ಷಿಣಕ್ಕೆ ಅಕ್ಕಿ. ಹಾಗಾಗಿ ಉತ್ತರದ ನೂಡಲ್ಸ್‌ಗೆ ಅಗಿಯುವ ಗುಣ ಜಾಸ್ತಿ, ದಕ್ಷಿಣದ ಅಕ್ಕಿ ನೂಡಲ್ಸ್ ನುಣುಪಾಗಿ ಜಾರುತ್ತದೆ. ‘ಮಿಯೆನ್’ ಅಂದರೆ ಗೋಧಿಯದು. ‘ಫೆನ್’ ಅಥವಾ ‘ಫನ್’ ಅಂತ ಇದ್ದರೆ ಸಾಮಾನ್ಯವಾಗಿ ಅಕ್ಕಿಯದು ಅಥವಾ ಬೇರೆ ಯಾವುದಾದರೂ ಪಿಷ್ಟದ್ದು. ಈ ಎರಡು ಪದ ಗೊತ್ತಿದ್ದರೆ ಅರ್ಧ ಮೆನು ಬಿಡಿಸಿದ ಹಾಗೆ.

ಕೈಯಲ್ಲಿ ಎಳೆದದ್ದು ಲಾಮಿಯೆನ್. ಗಾನ್‌ಸು ಪ್ರಾಂತ್ಯದ ಲಾನ್‌ಜೋ ನಗರದ ಬೀಫ್ ನೂಡಲ್ಸ್ ಇದರ ರಾಜ. 1915ರಲ್ಲಿ ಮಾ ಬಾವ್‌ಜಿ ಎಂಬುವವರು ಇದನ್ನು ಮಾರಲು ಶುರು ಮಾಡಿದರು ಎಂದು ಅಲ್ಲಿನವರು ಹೇಳುತ್ತಾರೆ. ಒಳ್ಳೆಯ ಬಟ್ಟಲು ಹೇಗಿರಬೇಕು ಎಂಬುದಕ್ಕೆ ಐದು ಬಣ್ಣದ ಲೆಕ್ಕವೇ ಇದೆ: ಒಂದು ತಿಳಿ, ಎರಡು ಬಿಳಿ, ಮೂರು ಕೆಂಪು, ನಾಲ್ಕು ಹಸಿರು, ಐದು ಹಳದಿ. ತಿಳಿಯಾದ ಸೂಪು, ಬಿಳಿ ಮೂಲಂಗಿ ಬಿಲ್ಲೆ, ಕೆಂಪು ಖಾರದ ಎಣ್ಣೆ, ಕೊತ್ತಂಬರಿ ಮತ್ತು ಬೆಳ್ಳುಳ್ಳಿ ಗಿಡದ ಎಲೆ, ಹಳದಿ ಎಳೆ. ಬಟ್ಟಲು ಬಂದಾಗ ಈ ಐದನ್ನೂ ಒಮ್ಮೆ ಎಣಿಸಿ ನೋಡಿ. ಸೂಪು ಕಲಗಚ್ಚಿನ ಹಾಗೆ ಕದಡಿದ್ದರೆ ಆ ಅಂಗಡಿಯ ಬಗ್ಗೆ ಬೇರೆ ಯಾರ ಅಭಿಪ್ರಾಯವೂ ಬೇಕಾಗಿಲ್ಲ.

ಲಾನ್‌ಜೋ ಶೈಲಿಯ ಅಂಗಡಿಯಲ್ಲಿ ಎಳೆ ಎಷ್ಟು ದಪ್ಪ ಬೇಕು ಎಂದು ಕೇಳುತ್ತಾರೆ. ಕೇಳದಿದ್ದರೆ ನೀವೇ ಕೇಳಿ. ‘ಮಾವ್‌ಶಿ’ ಅಂದರೆ ಕೂದಲೆಳೆಯಷ್ಟು ಸಣ್ಣದು. ‘ಅರ್‌ಶಿ’ ಮಧ್ಯಮ. ‘ಜ್ಯೂಯೆ’ ಹುಲ್ಲಿನ ಗರಿಯ ಹಾಗೆ ಚಪ್ಪಟೆ. ‘ದಾಕ್ವಾನ್’ ಬೆಲ್ಟಿನಷ್ಟು ಅಗಲ. ಮೊದಲ ಸಲ ಹೋಗುವವರಿಗೆ ನಾನು ಅರ್‌ಶಿ ಹೇಳುತ್ತೇನೆ. ಮಾವ್‌ಶಿ ನೋಡಲು ಚೆಂದ, ಆದರೆ ಅಷ್ಟು ಸಣ್ಣ ಎಳೆ ಬಹಳ ಬೇಗ ಮೆತ್ತಗಾಗುತ್ತದೆ. ನಿಧಾನವಾಗಿ ತಿನ್ನುವವರಿಗೆ, ಮಾತಿನ ಮಧ್ಯೆ ತಿನ್ನುವವರಿಗೆ ಅದು ಬೇಡವೇ ಬೇಡ.

ಶಿಯಾನ್ ನಗರದ ಬಿಯಾಂಗ್‌ಬಿಯಾಂಗ್ ಇನ್ನೊಂದು ದಿಕ್ಕು. ಎಳೆ ಅನ್ನುವುದಕ್ಕಿಂತ ಪಟ್ಟಿ ಅನ್ನಬೇಕು, ಅಷ್ಟು ಅಗಲ. ಹಲಗೆಗೆ ಬಡಿಯುವ ಸದ್ದಿನಿಂದಲೇ ಆ ಹೆಸರು ಬಂತು ಎನ್ನುತ್ತಾರೆ. ಅದನ್ನು ಬರೆಯುವ ಚೀನೀ ಅಕ್ಷರಕ್ಕೆ ಐವತ್ತಕ್ಕೂ ಹೆಚ್ಚು ಗೆರೆಗಳಿವೆ. ಮೇಲೆ ಮೆಣಸಿನಪುಡಿ, ಬೆಳ್ಳುಳ್ಳಿ ಇಟ್ಟು, ಹೊಗೆಯಾಡುವ ಬಿಸಿ ಎಣ್ಣೆ ಸುರಿಯುತ್ತಾರೆ. ಚುಂಯ್ ಎಂಬ ಸದ್ದಿನ ಜೊತೆಗೇ ಘಮ ಮೂಗಿಗೆ ಬರುತ್ತದೆ. ಶಾನ್‌ಶಿ ಪ್ರಾಂತ್ಯದ ಚಾಕು ನೂಡಲ್ಸ್ ಮತ್ತೊಂದು. ಹಿಟ್ಟಿನ ಗಟ್ಟಿ ಉಂಡೆಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಚಾಕುವಿನಿಂದ ಸರಸರನೆ ನೀರಿಗೆ ಹೆರೆಯುತ್ತಾರೆ. ಅಂಚು ತೆಳ್ಳಗೆ, ನಡು ದಪ್ಪ. ಹೊಟ್ಟೆ ತುಂಬಾ ಹಸಿದಿದ್ದರೆ ಇದೇ ಸರಿ.

ಈಗ ಎರಡನೆಯ ಪ್ರಶ್ನೆ. ಚಳಿ, ನೆಗಡಿ, ಸುಸ್ತು ಇದ್ದ ದಿನ ಸೂಪು. ಬಾಯಿಗೆ ಗಾಢವಾದ ರುಚಿ ಬೇಕಾದ ದಿನ ಒಣದು. ಸಿಚುವಾನ್‌ನ ದಾನ್‌ದಾನ್ ಇದಕ್ಕೆ ಒಳ್ಳೆಯ ಆರಂಭ. ‘ದಾನ್’ ಅಂದರೆ ಹೆಗಲಿಗೆ ಹಾಕುವ ಹೊರೆ ಕೋಲು. ಬೀದಿ ವ್ಯಾಪಾರಿಗಳು ಅದರ ಎರಡು ತುದಿಗೆ ಸಾಮಾನು ತೂಗಿಸಿಕೊಂಡು ಮಾರುತ್ತಿದ್ದರು. ಅದು ಮೂಲದಲ್ಲಿ ಚಿಕ್ಕ ಬಟ್ಟಲಿನ ತಿಂಡಿ. ಹಾಗಾಗಿ ಕೆಲವು ಅಂಗಡಿಗಳಲ್ಲಿ ಪ್ರಮಾಣ ಕಡಿಮೆ ಇರುತ್ತದೆ, ಮೊದಲೇ ಕೇಳಿಕೊಳ್ಳಿ. ವೂಹಾನ್‌ನ ರಗಾನ್‌ಮಿಯೆನ್‌ನಲ್ಲಿ ಎಳ್ಳಿನ ಪೇಸ್ಟು ಗಟ್ಟಿಯಾಗಿ ಮೆತ್ತಿಕೊಂಡಿರುತ್ತದೆ. ಬೀಜಿಂಗ್‌ನ ಜಾಜ್ಯಾಂಗ್‌ಮಿಯೆನ್‌ನಲ್ಲಿ ಹುದುಗಿಸಿದ ಸೋಯಾ ಪೇಸ್ಟಿನಲ್ಲಿ ಹುರಿದ ಕೀಮಾ, ಮೇಲೆ ಹಸಿ ಸೌತೆಕಾಯಿ ಎಸಳು.

ಹುರಿದದ್ದು ಬೇಕಾದರೆ ದಕ್ಷಿಣ ಚೀನಾದ ಕ್ಯಾಂಟನ್ ಕಡೆಯ ಬೀಫ್ ಚೌ ಫನ್ ತರಹದ್ದು. ಅಗಲ ಅಕ್ಕಿ ನೂಡಲ್ಸ್ ಹರಿಯದೆ, ಅಂಟದೆ, ಅಲ್ಲಲ್ಲಿ ಲಘುವಾಗಿ ಕರಕಲಾಗಿ ಬರಬೇಕು. ತಟ್ಟೆಯ ಅಡಿಯಲ್ಲಿ ಎಣ್ಣೆ ಕೆರೆ ನಿಂತಿದ್ದರೆ ಬಾಣಲೆ ಸಾಕಷ್ಟು ಕಾದಿರಲಿಲ್ಲ ಎಂದೇ ಅರ್ಥ.

ಹೆಜ್ಜೆ 4: ತಿನ್ನದೇ ಇರುವುದನ್ನು ಮೊದಲೇ ಹೇಳಿ

ಸಸ್ಯಾಹಾರಿಗಳು ಇಲ್ಲಿ ಹೆಚ್ಚು ಎಚ್ಚರ ವಹಿಸಬೇಕು. ‘ಮಾಂಸ ಹಾಕಬೇಡಿ’ ಅಂದರೆ ಮೇಲಿನ ತುಂಡು ತೆಗೆದು ಅದೇ ಮೂಳೆ ಸೂಪು ಕೊಡುವುದು ಸಾಮಾನ್ಯ. ಅವರು ಮೋಸ ಮಾಡುತ್ತಿಲ್ಲ. ನೀವು ಕೇಳಿದ್ದನ್ನೇ ಮಾಡಿದ್ದಾರೆ. ಹಾಗಾಗಿ ನಾಲ್ಕು ವಿಷಯ ಬಿಡಿಸಿ ಕೇಳಿ: ಸೂಪು ಯಾವುದರದ್ದು? ಹಂದಿ ಕೊಬ್ಬು ಬಳಸುತ್ತೀರಾ? ಕಡಲ ಚಿಪ್ಪುಜೀವಿಯಿಂದ ಮಾಡುವ ಆಯ್ಸ್ಟರ್ ಸಾಸ್ ಇದೆಯಾ? ಒಣಸೀಗಡಿ ಇದೆಯಾ? ಖಾರದ ಎಣ್ಣೆಯ ಬಾಟಲಿಯಲ್ಲೂ ಕೆಲವೊಮ್ಮೆ ಸೀಗಡಿ ಇರುತ್ತದೆ. ಒಣದಾಗಿ ಕಲಸಿದ ನೂಡಲ್ಸ್‌ಗೆ ಸೂಪು ಬೇಕಾಗದ ಕಾರಣ ಸಸ್ಯಾಹಾರಿಗಳಿಗೆ ಅದೇ ಸುಲಭದ ದಾರಿ. ಮೊಟ್ಟೆ ಆಗುವುದಾದರೆ ಟೊಮೆಟೊ-ಮೊಟ್ಟೆ ನೂಡಲ್ಸ್ ಕೇಳಿ, ಸೂಪಿನ ಬದಲು ನೀರಲ್ಲೇ ಮಾಡಿಕೊಡಿ ಅನ್ನಿ. ಮೊಟ್ಟೆ ಆಗದವರಿಗೆ ಕ್ಯಾಂಟನ್ ಶೈಲಿಯಲ್ಲಿ ವಾಂಟನ್ (ಹೂರಣ ತುಂಬಿದ ಪುಟ್ಟ ಕಡುಬು) ಜೊತೆ ಕೊಡುವ ಸಣ್ಣ ನೂಡಲ್ಸ್ ಬೇಡ. ಅದರ ಹಿಟ್ಟಿನಲ್ಲೇ ಮೊಟ್ಟೆ ಇರುತ್ತದೆ.

ಹಂದಿ ತಿನ್ನದವರು ಹಲಾಲ್ ಫಲಕ ಇದೆಯಾ ನೋಡಿ. ಲಾನ್‌ಜೋ ನೂಡಲ್ಸ್ ಚೀನಾದ ಹ್ವೇ ಸಮುದಾಯದ ಮುಸ್ಲಿಮರ ಅಡುಗೆ. ಅವರು ನಡೆಸುವ ಅಂಗಡಿಯಲ್ಲಿ ಹಂದಿ ಮಾಂಸ ಇರುವುದಿಲ್ಲ. ಅಂಥ ಕಡೆ ಹೊರಗಿನಿಂದ ಹಂದಿ ಮಾಂಸದ ತಿಂಡಿಯನ್ನಾಗಲಿ ಮದ್ಯವನ್ನಾಗಲಿ ಒಳಗೆ ಒಯ್ಯಬಾರದು.

ಅಲರ್ಜಿ ಇರುವವರು ಸುಮ್ನೆ ‘ಸ್ವಲ್ಪ ಆಗಲ್ಲ’ ಅನ್ನದೆ ಸ್ಪಷ್ಟವಾಗಿ ಹೇಳಿ. ಕಡಲೆಕಾಯಿ, ಎಳ್ಳು, ಸೋಯಾ, ಸೀಗಡಿ ಎಲ್ಲವೂ ಇಂಥ ಅಡುಗೆಮನೆಯಲ್ಲಿ ಓಡಾಡುತ್ತಿರುತ್ತವೆ. ಸಾಮಾನ್ಯ ಸೋಯಾ ಸಾಸಿನಲ್ಲಿ ಗೋಧಿಯೂ ಇರುತ್ತದೆ, ಆದ್ದರಿಂದ ಗ್ಲುಟೆನ್ ಆಗದವರಿಗೆ ಅಕ್ಕಿ ನೂಡಲ್ಸ್ ಕೂಡ ತಾನಾಗಿ ಸುರಕ್ಷಿತವಲ್ಲ. ಭಾಷೆ ತೊಡಕಾದರೆ ಫೋನಿನಲ್ಲಿ ಅನುವಾದ ಮಾಡಿ ತೋರಿಸಿ.

ಖಾರ ಬೇಡ ಅನ್ನಲು ‘ಬು ಯಾವ್ ಲಾ’, ಸ್ವಲ್ಪ ಸಾಕು ಅನ್ನಲು ‘ವೇಯ್ ಲಾ’. ‘ಮಾಲಾ’ ಅಂತ ಇದ್ದರೆ ಅದು ಎರಡು ಸಂಗತಿ. ‘ಲಾ’ ಮೆಣಸಿನಕಾಯಿಯ ಉರಿ. ‘ಮಾ’ ಅಂದರೆ ಸಿಚುವಾನ್ ಪೆಪ್ಪರ್ ತರುವ ಜುಮು ಜುಮು. ಹೆಸರಲ್ಲಿ ಪೆಪ್ಪರ್ ಇದ್ದರೂ ಅದು ಕಾಳುಮೆಣಸಿನ ಬಳಗದ್ದಲ್ಲ. ನಿಂಬೆ, ಕಿತ್ತಳೆಯ ಕುಟುಂಬದ ಗಿಡವೊಂದರ ಕಾಯಿಯ ಒಣ ಸಿಪ್ಪೆ. ತುಟಿ ನಡುಗಿದ ಹಾಗಾಗುತ್ತದೆ, ನಾಲಿಗೆ ಮರಗಟ್ಟುತ್ತದೆ. ಮೊದಲ ಸಲ ಹೀಗಾದರೆ ಅಲರ್ಜಿ ಅಂತ ಹೆದರಬೇಡಿ, ಹತ್ತು ಹದಿನೈದು ನಿಮಿಷಕ್ಕೆ ಇಳಿಯುತ್ತದೆ. ಮುಖ ಊದಿಕೊಂಡರೆ, ಉಸಿರಾಟಕ್ಕೆ ತೊಂದರೆಯಾದರೆ ಮಾತ್ರ ಅದು ಬೇರೆ ವಿಷಯ, ತಕ್ಷಣ ವೈದ್ಯರ ಬಳಿ ಹೋಗಿ.

ಅಜಿನೋಮೋಟೊ ಬಗ್ಗೆಯೂ ಒಂದು ಮಾತು. 1968ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಚಿಕ್ಕ ಓಲೆಯೊಂದರಿಂದ ಚೈನೀಸ್ ಹೋಟೆಲು ಅಂದರೆ ತಲೆನೋವು ಎಂಬ ಭಯ ಹುಟ್ಟಿತು. ಆಮೇಲೆ ನಡೆದ ಪರೀಕ್ಷೆಗಳಲ್ಲಿ ಅದಕ್ಕೆ ಗಟ್ಟಿ ಆಧಾರ ಸಿಗಲಿಲ್ಲ. ಒಂದು ಜನರ ಅಡುಗೆಯನ್ನೇ ಅನುಮಾನದಿಂದ ನೋಡುವಂತೆ ಮಾಡಿದ ಆ ಮಾತನ್ನು ಇನ್ನಾದರೂ ಬಿಡೋಣ ಅನ್ನಿಸುತ್ತದೆ. ಗಮನ ಕೊಡಬೇಕಾದದ್ದು ಉಪ್ಪಿಗೆ. ಸೂಪಿನಲ್ಲಿ ಅದು ಜಾಸ್ತಿಯೇ ಇರುತ್ತದೆ. ಬಿಪಿ ಇರುವವರು ಎಳೆ ತಿಂದು ಸೂಪು ಬಿಡಬಹುದು, ಯಾರೂ ತಪ್ಪು ತಿಳಿಯುವುದಿಲ್ಲ.

ಹೆಜ್ಜೆ 5: ಆರ್ಡರ್ ಕೊಡುವುದು

ಹೆಚ್ಚಿನ ಕಡೆ ಕೌಂಟರಿನಲ್ಲೇ ಹಣ ಕೊಟ್ಟು ನಂಬರ್ ಚೀಟಿ ತಗೋಬೇಕು. ಕೌಂಟರ್ ಮುಂದೆ ನಿಂತು ಯೋಚಿಸಬೇಡಿ, ಹಿಂದೆ ತರಗತಿಗೆ ಓಡಬೇಕಾದವರು ಇರುತ್ತಾರೆ. ಪಕ್ಕಕ್ಕೆ ನಿಂತು ತೀರ್ಮಾನಿಸಿ ಸಾಲಿಗೆ ಬನ್ನಿ.

ಮೊದಲ ಭೇಟಿಗೆ ಚಿಕ್ಕ ಬಟ್ಟಲು ಸಾಕು. ಕಮ್ಮಿಯಾದರೆ ‘ಜ್ಯಾ ಮಿಯೆನ್’ ಅನ್ನಿ, ಅಂದರೆ ನೂಡಲ್ಸ್ ಸೇರಿಸಿ ಎಂದು. ಕೆಲವು ಅಂಗಡಿಗಳಲ್ಲಿ ಅದಕ್ಕೆ ಸ್ವಲ್ಪ ಹಣ, ಕೆಲವು ಕಡೆ ಪುಕ್ಕಟೆ. ಸೂಪು ಇನ್ನೂ ಬಿಸಿ ಇರುವಾಗಲೇ ಹೇಳಬೇಕು.

ಜೊತೆಗೆ ಒಂದು ತಣ್ಣನೆಯ ಪಲ್ಯ ತಗೊಳ್ಳಿ. ಕೌಂಟರ್ ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿರುತ್ತಾರೆ. ಚಾಕುವಿನ ಅಗಲದಿಂದ ಜಜ್ಜಿ, ಬೆಳ್ಳುಳ್ಳಿ-ವಿನೆಗರ್ ಹಾಕಿದ ಸೌತೆಕಾಯಿ ನನಗೆ ಎಲ್ಲಕ್ಕಿಂತ ಇಷ್ಟ. ಕತ್ತರಿಸಿದ ಸೌತೆಕಾಯಿಗಿಂತ ಜಜ್ಜಿದ್ದರಲ್ಲಿ ರಸ ಚೆನ್ನಾಗಿ ಹಿಡಿಯುತ್ತದೆ. ಎಣ್ಣೆ, ಖಾರದ ನಡುವೆ ಅದರ ಒಂದು ತುಂಡು ಬಾಯಿ ತೊಳೆದ ಹಾಗೆ. ಟೀ ಎಲೆಯಲ್ಲಿ ಬೇಯಿಸಿದ ಮೊಟ್ಟೆಯೂ ಒಳ್ಳೆಯದು, ಹೊಟ್ಟೆಯೂ ತುಂಬುತ್ತದೆ.

ಹೆಜ್ಜೆ 6: ಬಟ್ಟಲು ಬರುವ ಮುನ್ನ

ಚಾಪ್‌ಸ್ಟಿಕ್, ಚಮಚ, ಟಿಶ್ಯೂ ನೀವೇ ತಂದಿಟ್ಟುಕೊಳ್ಳಿ. ಕನ್ನಡಕ ಇದ್ದರೆ ಒರೆಸುವ ಬಟ್ಟೆ ಹತ್ತಿರ ಇರಲಿ. ಫೋಟೊ ತೆಗೆಯುವುದಾದರೆ ಬೆಳಕು ಎಲ್ಲಿಂದ ಬರುತ್ತದೆ ಎಂದು ಈಗಲೇ ನೋಡಿ. ಒಂದು ಫೋಟೊ ಸಾಕು.

ಮೇಜಿನ ಮೇಲಿನ ಬಾಟಲಿಗಳ ಪರಿಚಯ ಮಾಡಿಕೊಳ್ಳಿ. ಕಪ್ಪಗಿರುವುದು ಎರಡು ಇರುತ್ತವೆ, ಮೂಸಿ ನೋಡಿದರೆ ತಿಳಿಯುತ್ತದೆ. ಒಂದು ಸೋಯಾ ಸಾಸ್, ಇನ್ನೊಂದು ಕಪ್ಪು ವಿನೆಗರ್. ಜೆನ್‌ಜ್ಯಾಂಗ್ ನಗರದ ವಿನೆಗರ್ ಅಕ್ಕಿಯಿಂದ, ಸ್ವಲ್ಪ ಸಿಹಿ ವಾಸನೆ. ಶಾನ್‌ಶಿಯದು ಮುಖ್ಯವಾಗಿ ಜೋಳದಿಂದ, ಹಳೆಯದಾದಷ್ಟೂ ಗಾಢ. ಖಾರದ ಎಣ್ಣೆಯ ಡಬ್ಬಿಯಲ್ಲಿ ಮೇಲಿನ ಎಣ್ಣೆಗೆ ಘಮ ಜಾಸ್ತಿ, ಅಡಿಯ ಗಸಿಗೆ ಖಾರ ಜಾಸ್ತಿ. ಒಂದು ಸಲ ನಾನು ಡಬ್ಬಿಯ ಅಡಿಯಿಂದ ಎರಡು ಚಮಚ ಬಾಚಿ ಹಾಕಿಕೊಂಡೆ. ಆ ದಿನ ಸೂಪಿನ ರುಚಿ ಏನೆಂದೇ ತಿಳಿಯಲಿಲ್ಲ. ಅಂದಿನಿಂದ ಮೇಲಿನ ಎಣ್ಣೆ ಅರ್ಧ ಚಮಚದಿಂದ ಶುರು ಮಾಡುತ್ತೇನೆ.

ಸಿಪ್ಪೆ ಸಮೇತ ಹಸಿ ಬೆಳ್ಳುಳ್ಳಿ ಇಟ್ಟಿದ್ದರೆ ಅದು ಅಲಂಕಾರಕ್ಕಲ್ಲ. ಬೆಳ್ಳುಳ್ಳಿ ಇಲ್ಲದೆ ನೂಡಲ್ಸ್ ತಿಂದರೆ ರುಚಿ ಅರ್ಧ ಹೋಯಿತು ಎಂಬ ಮಾತು ಉತ್ತರ ಚೀನಾದಲ್ಲಿದೆ. ಒಂದು ಎಸಳು ಸುಲಿದು, ಒಂದು ತುತ್ತಿಗೆ ಒಂದು ಕಡಿತ. ಮಧ್ಯಾಹ್ನ ಪ್ರಾಕ್ಟಿಕಲ್ ಇದ್ದರೆ ಯೋಚಿಸಿ.

ಹೆಜ್ಜೆ 7: ಆ ಹತ್ತು ನಿಮಿಷ

ಸೂಪು ಬಟ್ಟಲಾದರೆ ಮೊದಲು ಏನನ್ನೂ ಸೇರಿಸಬೇಡಿ. ಎರಡು ಚಮಚ ಸೂಪು ಹಾಗೇ ಕುಡಿಯಿರಿ. ಗಂಟೆಗಟ್ಟಲೆ ಕುದಿಸಿದ್ದು ಅದು. ಅದರ ನಿಜವಾದ ರುಚಿ ಸಿಗುವುದು ಆ ಎರಡು ಚಮಚದಲ್ಲಿ ಮಾತ್ರ. ಆಮೇಲೆ ಎಳೆ ಎತ್ತಿ, ಅರ್ಧ ಬಟ್ಟಲು ಹಾಗೇ ತಿನ್ನಿ. ಉಳಿದ ಅರ್ಧಕ್ಕೆ ವಿನೆಗರ್ ನಾಲ್ಕು ಹನಿ ಹಾಕಿ ನೋಡಿ. ಕೊಬ್ಬಿನ ಭಾರ ಇಳಿದು, ಬೇರೆಯದೇ ಬಟ್ಟಲು ಬಂದ ಹಾಗಾಗುತ್ತದೆ.

ಒಣ ನೂಡಲ್ಸ್‌ಗೆ ಇದರ ಉಲ್ಟಾ. ಸಾಸೆಲ್ಲ ಅಡಿಯಲ್ಲಿ ಕೂತಿರುತ್ತದೆ. ಬಂದ ಕೂಡಲೇ ಅಡಿಯಿಂದ ಮೇಲಕ್ಕೆ ಎತ್ತಿ ಎತ್ತಿ, ಇಪ್ಪತ್ತು ಮೂವತ್ತು ಸಲ ಕಲಸಿ. ಪ್ರತಿ ಎಳೆಗೂ ಬಣ್ಣ ಹಿಡಿಯಬೇಕು. ತಡ ಮಾಡಿದರೆ ಗಂಟಾಗುತ್ತದೆ. ಗಂಟಾದರೆ ಕುದಿಸಿದ ನೀರು ಒಂದು ಚಮಚ ಕೇಳಿ ಹಾಕಿ, ಬಿಡಿಸಿಕೊಳ್ಳುತ್ತದೆ.

ಚಾಪ್‌ಸ್ಟಿಕ್ ಹಿಡಿಯಲು: ಕೆಳಗಿನ ಕಡ್ಡಿ ಹೆಬ್ಬೆರಳಿನ ಬುಡದಲ್ಲಿ ಕೂತು ಉಂಗುರ ಬೆರಳಿಗೆ ಒರಗಿರಲಿ. ಅದು ಅಲುಗಾಡಬಾರದು. ಮೇಲಿನದನ್ನು ಪೆನ್ನು ಹಿಡಿದ ಹಾಗೆ ಹಿಡಿದು ಅದೊಂದನ್ನೇ ಆಡಿಸಿ. ನಾಲ್ಕೈದು ಎಳೆ ಮಾತ್ರ ಹಿಡಿಯಿರಿ, ಹೆಚ್ಚು ಹಿಡಿದರೆ ಜಾರುತ್ತದೆ. ಮೇಲಕ್ಕೆ ಎತ್ತಿ ಒಂದು ಕ್ಷಣ ಹಬೆ ಹೋಗಲಿ, ಕೆಳಗೆ ಚಮಚ ಆಸರೆ ಕೊಡಿ, ಬಾಯಿಗೆ ತನ್ನಿ. ಸುರ್ ಎಂದು ಎಳೆದುಕೊಳ್ಳುವುದು ಇಲ್ಲಿ ತಪ್ಪಲ್ಲ. ಆ ಗಾಳಿ ಎಳೆಯನ್ನು ಆರಿಸುತ್ತದೆ. ಕೈ ಸೋತರೆ ಫೋರ್ಕ್ ಕೇಳಿ. ನೂಡಲ್ಸ್ ಮೆತ್ತಗಾಗುವುದಕ್ಕಿಂತ ಅದೇ ಮೇಲು.

ಕತ್ತರಿಸದೆ ತಿಂದರೆ ಒಳ್ಳೆಯದು. ಚೀನಾದಲ್ಲಿ ಹುಟ್ಟುಹಬ್ಬಕ್ಕೆ ಉದ್ದನೆಯ ನೂಡಲ್ಸ್ ತಿನ್ನುತ್ತಾರೆ, ಆ ಉದ್ದ ಆಯಸ್ಸಿನದು. ಕಡ್ಡಿಗಳನ್ನು ಬಟ್ಟಲಲ್ಲಿ ನೆಟ್ಟಗೆ ಚುಚ್ಚಿ ನಿಲ್ಲಿಸಬೇಡಿ, ತೀರಿಕೊಂಡವರಿಗೆ ಹಚ್ಚುವ ಊದುಬತ್ತಿಯ ಹಾಗೆ ಕಾಣುತ್ತದೆ. ಕಡ್ಡಿಯಿಂದ ಬಟ್ಟಲು ಬಡಿಯಬೇಡಿ, ಹಾಗೆ ಬಡಿಯುತ್ತಿದ್ದವರು ಭಿಕ್ಷುಕರು ಎಂಬ ಭಾವನೆ ಇದೆ.

ಖಾರ ಹತ್ತಿದರೆ ನೀರು ಕುಡಿದು ಪ್ರಯೋಜನವಿಲ್ಲ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ. ಹಾಲು ಅಥವಾ ಹಾಲಿನ ಪಾನೀಯ ಕುಡಿಯಿರಿ, ಇಲ್ಲದಿದ್ದರೆ ಸಪ್ಪೆ ನೂಡಲ್ಸ್ ಒಂದೆರಡು ತುತ್ತು ಅಗಿಯಿರಿ.

ಹೆಜ್ಜೆ 8: ತಿಂದ ಮೇಲೆ

ಒಣ ನೂಡಲ್ಸ್ ತಿಂದಿದ್ದರೆ ‘ಮಿಯೆನ್ ತಾಂಗ್’ ಕೇಳಿ. ನೂಡಲ್ಸ್ ಬೇಯಿಸಿದ ಬಿಸಿ ಗಂಜಿ ನೀರು ಅದು. ಉಪ್ಪಿಲ್ಲ, ಖಾರವಿಲ್ಲ, ಗೋಧಿಯ ಘಮ ಮಾತ್ರ. ಬೇಯಿಸಿದ ನೀರೇ ಆ ಊಟವನ್ನು ಅರಗಿಸುತ್ತದೆ ಎಂದು ಉತ್ತರ ಚೀನಾದವರು ನಂಬುತ್ತಾರೆ. ಅರಗಿಸುತ್ತದೋ ಇಲ್ಲವೋ, ಎಳ್ಳಿನ ಪೇಸ್ಟು ಮೆತ್ತಿದ ಬಾಯಿಗೆ ಅದರಷ್ಟು ಹಿತವಾದದ್ದು ಬೇರೆ ಇಲ್ಲ. ಹೆಚ್ಚಿನ ಅಂಗಡಿಗಳಲ್ಲಿ ಪುಕ್ಕಟೆ ಕೊಡುತ್ತಾರೆ. ಮೊದಲ ಸಲ ಕೇಳಿದಾಗ ಮಾಸ್ಟರ್ ನನ್ನ ಮುಖ ನೋಡಿ ನಕ್ಕು, ದೊಡ್ಡ ಬಟ್ಟಲಲ್ಲೇ ಕೊಟ್ಟಿದ್ದರು.

ಬಿಲ್ಲು ಹಂಚಿಕೊಳ್ಳುವುದಾದರೆ ಚೀನೀ ವಿದ್ಯಾರ್ಥಿಗಳು ಅದಕ್ಕೆ ‘ಎಎ’ ಅನ್ನುತ್ತಾರೆ. ಟಿಪ್ಸ್ ವಿಷಯದಲ್ಲಿ ನೀವಿರುವ ಊರಿನ ರೂಢಿ ನೋಡಿ. ಚೀನಾದಲ್ಲಿ ಇಂಥ ಅಂಗಡಿಗಳಲ್ಲಿ ಕೊಡುವ ವಾಡಿಕೆ ಇಲ್ಲ. ಟ್ರೇ ಇಡುವ ಜಾಗ ಇದ್ದರೆ ನೀವೇ ಇಟ್ಟು ಬನ್ನಿ. ರಶ್ಶಿನ ಹೊತ್ತಲ್ಲಿ ಖಾಲಿ ಬಟ್ಟಲು ಮುಂದಿಟ್ಟುಕೊಂಡು ನೋಟ್ಸ್ ಓದುತ್ತಾ ಕೂರಬೇಡಿ. ಆರೇ ಮೇಜಿನ ಅಂಗಡಿಗೆ ಒಂದು ಮೇಜು ಅಂದರೆ ದೊಡ್ಡದು. ಮಧ್ಯಾಹ್ನ ಮೂರರ ಹೊತ್ತಿಗೆ ಬಂದರೆ ಎಷ್ಟು ಹೊತ್ತು ಬೇಕಾದರೂ ಕೂರಬಹುದು, ಅವರೂ ಆಗ ಮಾತಿಗೆ ಸಿಗುತ್ತಾರೆ.

ಹೆಜ್ಜೆ 9: ಪಾರ್ಸೆಲ್ ಬೇಕೇ ಬೇಕಾದರೆ

‘ದಾಬಾವ್’ ಅಂದರೆ ಪಾರ್ಸೆಲ್. ಸೂಪು ಬೇರೆ, ನೂಡಲ್ಸ್ ಬೇರೆ ಕಟ್ಟಿಕೊಡಿ ಎಂದು ಹೇಳಲೇಬೇಕು. ಎಳೆ ಸ್ವಲ್ಪ ಗಟ್ಟಿಯಾಗಿಯೇ ಬೇಯಿಸಿ ಅನ್ನಿ. ಸಣ್ಣ ಎಳೆ ಬೇಡ, ಚಾಕು ನೂಡಲ್ಸ್ ಅಥವಾ ಅಗಲದ್ದು ತಗೊಳ್ಳಿ. ರೂಮಿಗೆ ಬಂದ ಮೇಲೆ ಸೂಪನ್ನು ಒಲೆಯ ಮೇಲೆ ಕುದಿ ಬರಿಸಿ. ನೂಡಲ್ಸ್ ಮೇಲೆ ಮೊದಲು ಬಿಸಿನೀರು ಹುಯ್ದು, ಬಿಡಿಸಿ, ನೀರು ಬಸಿಯಿರಿ. ಆಮೇಲೆ ಸೂಪು ಸುರಿಯಿರಿ. ಅಕ್ಕಿ ನೂಡಲ್ಸ್ ಆದರೆ ಫ್ರಿಜ್ಜಿನಲ್ಲಿ ಇಡಬೇಡಿ, ಗಟ್ಟಿಯಾಗಿ ಮುರಿಯುತ್ತದೆ. ಅಂದೇ ತಿಂದು ಮುಗಿಸಿ.